ಲೆನ್ಸಕ್ಕನ ಮೂರನೇ ಮಸೂರ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೊನೆಯ ಕೋಣೆಯೊಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಬಾಗಿಲಲ್ಲಿ ನಿಂತ ನನ್ನನ್ನು ಆಕೆ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಾರೆ. ನಾನು ನಮಸ್ಕಾರ ಹೇಳುವ ಮೊದಲೇ ಪ್ರಶ್ನೆ ಬರುತ್ತದೆ.

“ನೆಗಡಿ ಗಿಗಡಿ ಇಲ್ಲ ತಾನೇ?”

ಇಲ್ಲ ಎನ್ನುತ್ತೇನೆ.

“ಹಾಗಾದ್ರೆ ಬನ್ನಿ ಪೇಪರ್‌ನೋರೇ. ಸೀನು ಬಂತು ಅಂದ್ರೆ ಆಚೆ ಓಡಿ, ಸಂಕೋಚ ಪಟ್ಕೋಬೇಡಿ.”

ಒಳಗೆ ಹೋಗಿ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರುತ್ತೇನೆ. ಸೀನು ಬರಬಾರದು ಎಂದುಕೊಂಡ ಕೂಡಲೇ ಮೂಗು ತುರಿಸಲು ಶುರುವಾಗುತ್ತದೆ, ಆ ಮಾತು ಬೇರೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆ. ಎಳ್ಳಿನಷ್ಟು ಸ್ಕ್ರೂ ಬಿದ್ದರೂ ಕಾಣಬೇಕಲ್ಲ, ಅದಕ್ಕೆ. ಬಟ್ಟೆಯ ಮೇಲೆ ಸೂಕ್ಷ್ಮದರ್ಶಕಗಳು ಸಾಲಾಗಿ ನಿಂತಿವೆ. ಆಕೆ ಒಂದರ ಮುಸುಕು ತೆಗೆದು, ರಬ್ಬರ್ ಬುಗ್ಗೆಯಿಂದ ಪುಸ್ ಪುಸ್ ಎಂದು ಗಾಳಿ ಊದಿ ದೂಳು ಹಾರಿಸುತ್ತಾರೆ. ಮೆತ್ತನೆಯ ಕಾಗದಕ್ಕೆ ಒಂದು ಹನಿ ದ್ರವ ಹಾಕಿ, ಮಸೂರದ ನಡುವಿನಿಂದ ಅಂಚಿಗೆ ಒಂದು ಸುತ್ತು ಒರೆಸಿ, ಕಾಗದವನ್ನು ಬುಟ್ಟಿಗೆ ಎಸೆಯುತ್ತಾರೆ. ಮತ್ತೆ ಹೊಸ ಕಾಗದ, ಮತ್ತೆ ಒಂದೇ ಸುತ್ತು.

“ಅದೇ ಕಾಗದದಲ್ಲಿ ಎರಡನೇ ಸುತ್ತು ಒರೆಸಿದ್ರೆ, ಮೊದಲನೇ ಸುತ್ತಲ್ಲಿ ತೆಗೆದ ಕಸಾನೇ ಮತ್ತೆ ಗಾಜಿಗೆ ಉಜ್ಜಿದ ಹಾಗೆ. ಮನೆ ನೆಲ ಒರೆಸೋ ಬುದ್ಧಿ ಇಲ್ಲಿ ನಡೆಯಲ್ಲ.”

ಮೇಲಿನ ಮಹಡಿಯಲ್ಲಿ ಪ್ರಯೋಗಾಲಯವಿದೆ. ಬೆಳಗ್ಗೆ ಅದರ ಬಾಗಿಲು ತೆರೆಯುವಷ್ಟರಲ್ಲಿ ಇವೆಲ್ಲ ತಮ್ಮ ತಮ್ಮ ಜಾಗದಲ್ಲಿ ಇರಬೇಕು. ಯಾರದೋ ಜ್ವರದ ರಕ್ತ, ಯಾರದೋ ಕೆಮ್ಮಿನ ಕಫ, ಎಲ್ಲವೂ ಇವುಗಳ ಕೆಳಗೆ ಹಾದುಹೋಗುತ್ತವೆ. ವಾಸಿಯಾದವರು ಡಾಕ್ಟರಿಗೆ ಕೈ ಮುಗಿಯುತ್ತಾರೆ. ತಿಳಿದವರಾದರೆ ರಕ್ತ ಪರೀಕ್ಷೆ ಮಾಡಿದವರಿಗೂ ಒಂದು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಆ ಗಾಜನ್ನು ಒರೆಸಿಟ್ಟವರು ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಎಲೆಮರೆಯ ಕಾಯಿ ಎಂದು ನಾವು ಎಲ್ಲರಿಗೂ ಅಂದುಬಿಡುತ್ತೇವೆ. ಈಕೆ ಇರುವ ಜಾಗ ನೋಡಿದರೆ ಎಲೆಯ ಮರೆಯೂ ಅಲ್ಲ, ನೇರ ಬೇರಿನ ಪಕ್ಕ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಈಕೆ ಲೆನ್ಸಕ್ಕ. ಐವತ್ತು ದಾಟಿದ ವಯಸ್ಸು, ಬಿಗಿಯಾಗಿ ಕಟ್ಟಿದ ಕೂದಲು, ಮೊಣಕೈವರೆಗೆ ಮಡಚಿದ ತೋಳು. ಈಕೆಗಿಂತ ದೊಡ್ಡವರಾದ ಕಾವಲುಗಾರರೂ ಲೆನ್ಸಕ್ಕ ಎಂದೇ ಕರೆಯುತ್ತಾರೆ. ಬಲಗಣ್ಣಿನ ಮೂಲೆ ಇವತ್ತು ಸ್ವಲ್ಪ ಕೆಂಪಾಗಿದೆ. ಆ ಕಣ್ಣಿಗೆ ಈಚೆಗೆ ಶಸ್ತ್ರಚಿಕಿತ್ಸೆಯಾಗಿದೆ. ಇನ್ನು ಕೆಲಸಕ್ಕೆ ಹೋಗಬಹುದು ಎಂದು ಕಣ್ಣಿನ ಡಾಕ್ಟರು ನಿನ್ನೆ ಒಪ್ಪಿಗೆ ಕೊಟ್ಟರು. ಇಂದು ಮರಳಿ ಬಂದ ಮೊದಲ ದಿನ.

ಮೇಜಿನ ತುದಿಯಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕ ಒಂಟಿಯಾಗಿ ನಿಂತಿದೆ. ಒಂದೇ ಕೊಳವೆಯದು, ಒಂದೇ ಕಣ್ಣಲ್ಲಿ ನೋಡುವಂಥದ್ದು. ಅದರ ಕುತ್ತಿಗೆಗೆ ದಾರದಲ್ಲಿ ಚೀಟಿ ಕಟ್ಟಿದೆ: ‘ಬೂಷ್ಟು ಹಿಡಿದಿದೆ. ಮುಟ್ಟಬೇಡಿ.’ ಅಕ್ಷರ ಲೆನ್ಸಕ್ಕನದೇ. ಉಳಿದ ಎಲ್ಲವನ್ನೂ ಆಕೆ ಊದಿದ್ದಾರೆ, ಒರೆಸಿದ್ದಾರೆ. ಆದರೆ ಒಂದರೊಳಗೂ ಇನ್ನೂ ಇಣುಕಿ ನೋಡಿಲ್ಲ. ಆ ಹಳೆಯದರ ಹತ್ತಿರಕ್ಕಂತೂ ಹೋಗಿಯೇ ಇಲ್ಲ. ಹೊಸ ಕಣ್ಣು ಒಳಗೆ ಏನು ತೋರಿಸುತ್ತದೋ ಎಂಬ ಅಳುಕು. ಚೆನ್ನಾಗಿ ಕಂಡರೆ ಈ ಕೋಣೆ ಆಕೆಯದು. ಕಾಣದಿದ್ದರೆ ಇಲ್ಲಿಗೆ ಮುಗಿಯಿತು.

ನಾನು ಆ ಚೀಟಿ ನೋಡುತ್ತಿರುವುದನ್ನು ಆಕೆ ನೋಡುತ್ತಾರೆ.

“ಅದಕ್ಕೆ ಆಮೇಲೆ ಬರೋಣ. ಮೊದಲು ಟೀ ಕುಡೀರಿ.”

ಟೀ ಕುಡಿಯುವುದು ಕೋಣೆಯ ಹೊರಗೆ, ಮೆಟ್ಟಿಲ ಮೇಲೆ. ಮಸೂರಗಳ ಹತ್ತಿರ ಹಬೆ ಬರಕೂಡದು. ಲೆನ್ಸಕ್ಕ ಬರುವಾಗ ಎರಡು ಭೂತಗನ್ನಡಿ ಮತ್ತು ಒಂದು ತುಂಡು ಕೆಂಪು ದಾರ ಹಿಡಿದುಕೊಂಡು ಬರುತ್ತಾರೆ. ದಾರ ಗಂಡನ ಅಂಗಡಿಯದು, ಆತ ದರ್ಜಿ. ಭೂತಗನ್ನಡಿಗಳು ಈ ಕೆಲಸ ಕಲಿಸಿದ ಸೋದರಮಾವನವು. ಪಾಠ ಶುರುವಾಗುತ್ತದೆ ಎಂದು ನನಗೆ ಗೊತ್ತಾಗುತ್ತದೆ. ಶಾಲೆಯಲ್ಲಿ ಈ ಪಾಠದ ದಿನ ನಾನು ಕಿಟಕಿಯ ಹೊರಗೆ ನೋಡುತ್ತಿದ್ದವನು.

“ಶಾಲೇಲಿ ವಸ್ತುಕ, ನೇತ್ರಕ ಅಂತ ಹೇಳಿಕೊಟ್ಟಿರ್ತಾರೆ. ನಮಗೆ ಅಷ್ಟೆಲ್ಲ ಬೇಡ. ಕೆಳಗಿಂದು, ಮೇಲಿಂದು.” ಮೆಟ್ಟಿಲ ಬಳಿಯ ದೀಪ ಹಾಕಿ, ದಾರವನ್ನು ಅದರ ಮುಂದೆ ಕಟ್ಟಿ, ಒಂದು ಭೂತಗನ್ನಡಿಯನ್ನು ಅದರ ಹತ್ತಿರ ಹಿಡಿಯುತ್ತಾರೆ. “ಇದು ಕೆಳಗಿಂದು ಅಂದ್ಕೊಳ್ಳಿ. ಇದು ದಾರದ ಚಿತ್ರ ದೊಡ್ಡದು ಮಾಡಿ, ತಲೆಕೆಳಗು ಮಾಡಿ, ಇಲ್ಲಿ, ಈ ಖಾಲಿ ಜಾಗದಲ್ಲಿ ಇಡುತ್ತೆ. ಕೈ ಹಾಕಿದ್ರೆ ಏನೂ ಸಿಗಲ್ಲ.”

ಆ ಖಾಲಿ ಜಾಗದಲ್ಲಿ ಒಂದು ತೆಳುವಾದ ಕಾಗದ ಹಿಡಿಯುತ್ತಾರೆ. ನಿಜಕ್ಕೂ ಅಲ್ಲಿ ಹಗ್ಗದಂಥ ಕೆಂಪು ದಾರವೊಂದು ಬಂದು ಕೂರುತ್ತದೆ. ದಾರದ ಗಂಟು ಮೇಲಿದ್ದರೆ ಕಾಗದದ ಮೇಲೆ ಅದು ಕೆಳಗಿದೆ. ಕಾಗದ ತೆಗೆದರೆ ಏನೂ ಇಲ್ಲ. ಇಷ್ಟು ವರ್ಷ ಆ ಕೊಳವೆಯ ಒಳಗೆ ಹೀಗೊಂದು ಚಿತ್ರ ಯಾರೂ ಹಿಡಿಯದೆ ಗಾಳಿಯಲ್ಲಿ ನಿಂತಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

“ಈಗ ಮೇಲಿಂದು.” ಎರಡನೆಯ ಭೂತಗನ್ನಡಿ ನನ್ನ ಕಣ್ಣಿನ ಮುಂದೆ ಬರುತ್ತದೆ. “ಇದು ಆ ಚಿತ್ರಾನ ನೋಡೋ ಭೂತಗನ್ನಡಿ, ಅಷ್ಟೇ. ದಾರಾನ ಇದು ಕಂಡೇ ಇಲ್ಲ. ಕೆಳಗಿಂದು ಏನು ಹೇಳುತ್ತೋ ಅದನ್ನೇ ನಂಬಬೇಕು. ಅದು ಹತ್ತು ಪಟ್ಟು, ಇದು ಹತ್ತು ಪಟ್ಟು, ಒಟ್ಟು ಎಷ್ಟು? ಎಲ್ಲರೂ ಇಪ್ಪತ್ತು ಅಂತಾರೆ. ಇಪ್ಪತ್ತಲ್ಲ, ನೂರು. ದೊಡ್ಡದು ಮಾಡಿದ್ದನ್ನ ಮತ್ತೆ ದೊಡ್ಡದು ಮಾಡ್ತಿದೆ, ಗುಣಿಸಬೇಕು.”

ನಾಲಿಗೆಯ ತುದಿಗೆ ಬಂದಿದ್ದ ಇಪ್ಪತ್ತನ್ನು ಟೀ ಜೊತೆ ನುಂಗಿಕೊಳ್ಳುತ್ತೇನೆ.

“ಅಂದ್ರೆ ಕಡ್ಡೀನ ಗುಡ್ಡ ಮಾಡೋ ಕೆಲಸ.”

“ಹೂಂ. ಆದ್ರೆ ಕಡ್ಡಿ ನಿಜವಾಗ್ಲೂ ಇರಬೇಕು. ಕೆಳಗಿಂದು ಕಾಣದೆ ಬಿಟ್ಟಿದ್ದನ್ನ ಮೇಲಿಂದು ಎಷ್ಟು ದೊಡ್ಡದು ಮಾಡಿದ್ರೂ ತೋರಿಸಕ್ಕಾಗಲ್ಲ. ಕೆಳಗಿಂದು ಸುಳ್ಳು ಹೇಳಿದ್ರೆ ಮೇಲಿಂದು ಅದನ್ನೇ ಡಂಗುರ ಸಾರುತ್ತೆ. ಇನ್ನು ಎರಡರ ನಡುವಿನ ದೂರ. ಅದು ಅಳತೆ ಮಾಡಿ ಇಟ್ಟಿದ್ದು. ಹತ್ತಿರ ತಂದ್ರೂ ಕೆಡುತ್ತೆ, ದೂರ ಇಟ್ರೂ ಕೆಡುತ್ತೆ. ಅತ್ತೆ ಸೊಸೆ ಇದ್ದ ಹಾಗೆ.”

“ನಿಮ್ಮನೇಲಿ ದೂರ ಸರಿಯಾಗಿತ್ತಾ?”

“ನಮ್ಮತ್ತೆ ಪಕ್ಕದ ಬೀದೀಲಿ ಇದ್ರು. ಚಿತ್ರ ಬಹಳ ಸ್ಪಷ್ಟವಾಗಿತ್ತು.”

ನಗು ಮುಗಿದ ಮೇಲೆ ಆಕೆ ತಮ್ಮ ಬಲಗಣ್ಣನ್ನು ಬೆರಳಿಂದ ತೋರಿಸುತ್ತಾರೆ. “ಇದು ಮೂರನೇದು. ಎರಡು ಲೆನ್ಸು ಕೊಳವೇಲಿ, ಒಂದು ತಲೇಲಿ ಅಂತ ನಮ್ಮ ಮಾವ ಮೊದಲನೇ ದಿನವೇ ಹೇಳಿದ್ರು. ಮೂರೂ ಸೇರಿದ್ರೇನೇ ನೋಟ. ನಾನು ಎರಡನ್ನ ನೆನಪಿಟ್ಕೊಂಡೆ, ಮೂರನೇದನ್ನ ಮರೆತೆ.”

ಲೆನ್ಸಕ್ಕ ಈ ಕೆಲಸಕ್ಕೆ ಬಂದದ್ದೇ ಕಣ್ಣಿನ ದೆಸೆಯಿಂದ. ಎಡಗಣ್ಣು ಹುಟ್ಟಿದಾಗಿನಿಂದ ಮಬ್ಬು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಹುಡುಗರು ಅಣಕಿಸುತ್ತಿದ್ದರು. ದೊಡ್ಡವಳಾದ ಮೇಲೆ ಕೆಲಸ ಕೇಳಲು ಹೋದಲ್ಲೆಲ್ಲ ಒಂದೇ ಕಣ್ಣಲ್ಲಿ ಏನು ಮಾಡ್ತೀಯಮ್ಮ ಎನ್ನುತ್ತಿದ್ದರು. ಸೂಕ್ಷ್ಮದರ್ಶಕ ದುರಸ್ತಿ ಮಾಡುತ್ತಿದ್ದ ಸೋದರಮಾವ ಒಂದು ದಿನ ಮನೆಗೆ ಬಂದವರು, ಸೋದರಸೊಸೆಯ ಅಳುಮುಖ ನೋಡಿ, ಒಂಟಿ ಕೊಳವೆಯ ಈ ಹಳೆಯ ಯಂತ್ರವನ್ನೇ ತಂದು ಮುಂದಿಟ್ಟರಂತೆ.

“ಇದಕ್ಕೆ ಎಷ್ಟು ಕಣ್ಣು ಬೇಕು, ನೋಡಿ ಹೇಳು ಅಂದ್ರು. ಒಂದೇ ಅಂದೆ. ನಿನಗೆ ಎಷ್ಟಿದೆ ಅಂದ್ರು. ಒಂದಿದೆ ಅಂದೆ. ಮತ್ತೆ ಅಳೋದು ಯಾಕೆ, ನಾಳೆಯಿಂದ ಬಾ ಅಂದ್ರು.”

ಅಂದಿನಿಂದ ಇದೇ ಕೆಲಸ. ದಿನಕ್ಕೆ ನಾಲ್ಕೋ ಐದೋ ಬರುತ್ತವೆ. ಕಾಲೇಜುಗಳಲ್ಲಿ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದರೆ ಕೋಣೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಾಲೆಗಳಿಂದ ಬಂದವುಗಳಲ್ಲಿ ಪೆನ್ಸಿಲ್ ಮೊನೆ, ಚೂಯಿಂಗ್ ಗಮ್, ಕೂದಲು ಸಿಗುತ್ತವೆ. ಒಂದು ಕಾಲೇಜಿನ ಕೊಳವೆಯಲ್ಲಿ ಜೇಡವೊಂದು ಸಂಸಾರವನ್ನೇ ಹೂಡಿತ್ತಂತೆ. “ಅದನ್ನ ಬಿಡಿಸಿ ಕಿಟಕಿ ಹತ್ತಿರ ಬಿಟ್ಟೆ. ಅದೂ ಪಾಪ ಓದೋಕೆ ಬಂದಿತ್ತೋ ಏನೋ.”

ಮಾವನ ಕಡೆಗಾಲ ಮಾತ್ರ ಕಷ್ಟದ್ದು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸೊರಗುತ್ತ ಬಂತು. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಹೋಗಿ ಕೊನೆಗೆ ಪೂರ್ತಿ ಹೋಯಿತು. ಆಮೇಲೂ ಅವರು ದಿನಾ ಕೋಣೆಗೆ ಬಂದು ಸೊಸೆಯ ಪಕ್ಕದಲ್ಲಿ ಕೂರುತ್ತಿದ್ದರು. ಏನು ಕಾಣ್ತಿದೆ ಹೇಳು ಎನ್ನುತ್ತಿದ್ದರು. ಆಕೆ ಹೇಳುತ್ತಿದ್ದರು, ಅವರು ಕೇಳಿಸಿಕೊಂಡು ಎಲ್ಲಿ ಏನು ಮಾಡಬೇಕು ಎಂದು ಹೇಳುತ್ತಿದ್ದರು. ಆ ಕಾಯಿಲೆ ರಕ್ತಸಂಬಂಧದಲ್ಲಿ ಬರುವುದುಂಟು ಎಂದು ಯಾರೋ ಹೇಳಿದ ಮಾತು ಲೆನ್ಸಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಇನ್ನು ಆ ಚೀಟಿಯ ಕಥೆ. ಅದಕ್ಕೆ ಮೊದಲು ಈ ಕಸುಬಿನ ಒಂದು ಪದ್ಧತಿ ತಿಳಿದಿರಬೇಕು. ನೋಟದಲ್ಲಿ ಒಂದು ಕಲೆ ಕಂಡಿತು ಎನ್ನಿ. ಅದು ಎಲ್ಲಿದೆ ಎಂದು ಕಂಡುಹಿಡಿಯಲು ಒಂದೊಂದನ್ನೇ ಅಲುಗಿಸಿ ನೋಡುವುದು ರೂಢಿ. ಮೇಲಿನ ಮಸೂರ ತಿರುಗಿಸಿದಾಗ ಕಲೆಯೂ ತಿರುಗಿದರೆ ಕಲೆ ಅದರದು. ರಕ್ತವೋ ಕಫವೋ ಸವರಿದ ಗಾಜಿನ ಪಟ್ಟಿ ಸರಿಸಿದಾಗ ಕಲೆಯೂ ಸರಿದರೆ ಪಟ್ಟಿಯದು. ಕೆಳಗಿನ ಮಸೂರ ಬದಲಾಯಿಸಿದಾಗ ಕಲೆ ಮಾಯವಾದರೆ ತಪ್ಪು ಆ ಮಸೂರದ್ದು.

ಮಳೆಗಾಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಮಸೂರದೊಳಗೆ ಬೂಷ್ಟು ಬೆಳೆಯುತ್ತದೆ, ಸೂಕ್ಷ್ಮವಾದ ಜೇಡರಬಲೆಯ ಹಾಗೆ. ಒಂದು ಬೆಳಗ್ಗೆ ಈ ಹಳೆಯ ಯಂತ್ರದಲ್ಲಿ, ಎಲ್ಲಕ್ಕಿಂತ ಹೆಚ್ಚು ದೊಡ್ಡದು ಮಾಡುವ ಮಸೂರ ಹಾಕಿ ನೋಡಿದಾಗ, ಲೆನ್ಸಕ್ಕನಿಗೆ ಅಂಥದ್ದೇ ಬಲೆ ಕಂಡಿತು. ಮೇಲಿನದು ತಿರುಗಿಸಿದರು, ಬಲೆ ಕದಲಲಿಲ್ಲ. ಪಟ್ಟಿ ಸರಿಸಿದರು, ಕದಲಲಿಲ್ಲ. ಕೆಳಗಿನದನ್ನು ತೆಗೆದು ಕಡಿಮೆ ಶಕ್ತಿಯದು ಹಾಕಿದರು, ಬಲೆ ಮಾಯ. ಸರಿ, ದೊಡ್ಡ ಮಸೂರಕ್ಕೆ ಬೂಷ್ಟು ಹಿಡಿದಿದೆ ಎಂದು ಚೀಟಿ ಕಟ್ಟಿದರು. ಪಕ್ಕದ ಯಂತ್ರ ನೋಡಿದರು, ಅದರ ದೊಡ್ಡ ಮಸೂರದಲ್ಲೂ ಬಲೆ. ಅದರ ಪಕ್ಕದ್ದರಲ್ಲೂ ಬಲೆ. ಒಂದೇ ಬೀರುವಿನಲ್ಲಿಟ್ಟರೆ ಬೂಷ್ಟು ಒಂದರಿಂದ ಇನ್ನೊಂದಕ್ಕೆ ಹಬ್ಬುವುದು ಸುಳ್ಳಲ್ಲ. ಆಕೆ ಗಾಬರಿಯಾಗಿ ಮೇಲಕ್ಕೆ ಓಡಿದರು.

ಮುಂದಿನದನ್ನು ಪ್ರಯೋಗಾಲಯದ ಮುಖ್ಯಸ್ಥೆ ಹೇಳುತ್ತಾರೆ. ಎಲ್ಲರೂ ಮೇಡಂ ಎನ್ನುವ ಈಕೆ ಇಂದು ಬೇಗ ಬಂದು, ಕೈಚೀಲ ಹೆಗಲಲ್ಲಿ ಇರುವಂತೆಯೇ ನೇರ ನೆಲಮಾಳಿಗೆಗೆ ಇಳಿದಿದ್ದಾರೆ. ಲೆನ್ಸಕ್ಕ ಇಲ್ಲದ ದಿನಗಳಲ್ಲಿ ಇವರ ಪಾಡು ನಾಯಿಪಾಡಾಗಿತ್ತಂತೆ.

“ಎಲ್ಲಕ್ಕೂ ಬೂಷ್ಟು ಬಂದಿದೆ, ಎಲ್ಲಾ ಮುಚ್ಚಿ, ಹೊಸದು ತರಿಸಿ ಅಂದ್ರು ಅಕ್ಕ. ನನಗೆ ಕೈಕಾಲು ಆಡಲಿಲ್ಲ. ಹೊರಗೆ ಜ್ವರದವರು ಸಾಲು ನಿಂತಿದ್ದಾರೆ. ಕೆಳಗೆ ಬಂದು ನಾನೇ ನೋಡಿದೆ. ಒಂದರಲ್ಲೂ ಏನೂ ಇರಲಿಲ್ಲ. ಚೆನ್ನಾಗೇ ಇದೆಯಲ್ಲ ಅಕ್ಕ ಅಂದೆ. ಆಗ ಅವರ ಮುಖ ನೋಡಬೇಕಿತ್ತು.”

“ಹೇಳಿ, ನಾನು ಏನಂದೆ ಅದನ್ನೂ ಹೇಳಿ” ಎನ್ನುತ್ತಾರೆ ಲೆನ್ಸಕ್ಕ.

“ನಿಮ್ಮ ಕಣ್ಣಿಗೆ ಅಭ್ಯಾಸ ಇಲ್ಲ ಬಿಡಿ ಮೇಡಂ ಅಂದ್ರು.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಒಂದು ಹೆಜ್ಜೆ ಮುಂದೆ. ಈ ನೆಲ ಅಗೆದು ಹೊಸ ನೆಲ ಹಾಕ್ಸಿ ಅಂತ ಹೇಳಿಬಂದೆ.”

ಮೇಡಂ ಮೇಲಕ್ಕೆ ಹೋದ ಮೇಲೆ ಲೆನ್ಸಕ್ಕ ಮಾಡಬಾರದ ಕೆಲಸವೊಂದನ್ನು ಮಾಡಿದರು. ದೊಡ್ಡ ಮಸೂರವೆಂದರೆ ಒಂದೇ ಗಾಜಲ್ಲ. ಬೇಳೆಯಷ್ಟು ಚಿಕ್ಕ ಗಾಜುಗಳು ಒಂದರ ಮೇಲೊಂದು ಕೂತಿರುತ್ತವೆ, ಒಂದು ಮಾಡಿದ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಪ್ರಾಣ ಹೋದರೂ ಅದನ್ನು ಬಿಚ್ಚಬೇಡ ಎಂದು ಮಾವ ಹೇಳಿದ್ದರು. ಅಂದು ಬಿಚ್ಚಿದರು. ಒಳಗೆ ಬೂಷ್ಟು ಇರಲಿಲ್ಲ, ಒಂದು ದೂಳಿನ ಕಣವೂ ಇರಲಿಲ್ಲ. ಗಾಜುಗಳನ್ನು ಇದ್ದ ಕ್ರಮದಲ್ಲೇ ಕೂರಿಸಿ ಮತ್ತೆ ನೋಡಿದರೆ ಬಲೆ ಇದ್ದಲ್ಲೇ ಇತ್ತು. ಕುತ್ತಿಗೆ ನೋಯುತ್ತಿತ್ತು. ಕಣ್ಣು ತೆಗೆಯದೆಯೇ ತಲೆಯನ್ನು ಒಂದು ಚೂರು ಓರೆ ಮಾಡಿದರು.

“ಬಲೇನೂ ಓರೆ ಆಯ್ತು. ಈ ಕಡೆ ವಾಲಿದೆ, ಅದೂ ಈ ಕಡೆ ವಾಲಿತು. ಎಲ್ಲಾನೂ ತಿರುಗಿಸಿ ನೋಡಿದ್ದೆ ಪೇಪರ್‌ನೋರೇ, ನನ್ನ ತಲೆ ಒಂದನ್ನ ಬಿಟ್ಟು.”

ಬಲೆ ದೊಡ್ಡ ಮಸೂರದಲ್ಲಿ ಮಾತ್ರ ಯಾಕೆ ಕಂಡಿತು ಎಂಬುದನ್ನು ಆಮೇಲೆ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರಂತೆ. ಹೆಚ್ಚು ದೊಡ್ಡದು ಮಾಡಿದಷ್ಟೂ ಕೊಳವೆಯಿಂದ ಹೊರಬರುವ ಬೆಳಕು ದಾರದಷ್ಟು ತೆಳ್ಳಗಾಗುತ್ತದೆ. ಅಷ್ಟು ತೆಳ್ಳಗಿನ ಬೆಳಕಿಗೆ ಕಣ್ಣೊಳಗಿನ ಸಣ್ಣ ಕಲೆಯೂ ಅಡ್ಡ ನಿಂತು ನೆರಳು ಬೀಳಿಸುತ್ತದೆ. ಕಡಿಮೆ ಶಕ್ತಿಯ ಮಸೂರದಲ್ಲಿ ಬೆಳಕು ಅಗಲವಾಗಿ ಬರುವುದರಿಂದ ಕಲೆಯನ್ನು ಬಳಸಿಕೊಂಡು ಒಳಗೆ ಹೋಗಿಬಿಡುತ್ತದೆ. ಪದ್ಧತಿಯಲ್ಲಿ ತಪ್ಪಿರಲಿಲ್ಲ. ಕಣ್ಣೂ ಒಂದು ಮಸೂರ ಎನ್ನುವುದನ್ನು ಮರೆತದ್ದೇ ತಪ್ಪು.

ಲೆನ್ಸಕ್ಕ ಯಾರಿಗೂ ಹೇಳಲಿಲ್ಲ. ಇರುವುದು ಒಂದೇ ಕಣ್ಣು, ಅದಕ್ಕೂ ಮಾವನ ಗತಿ ಬಂತು ಎಂದೇ ತೀರ್ಮಾನಿಸಿಕೊಂಡು ಒಳಗೊಳಗೇ ಕೊರಗಿದರು. ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದರೆ, “ಹೋದ್ರೆ ಗೊತ್ತಾಗಿಬಿಡುತ್ತಲ್ಲ” ಎನ್ನುತ್ತಾರೆ. ಇಂಥ ಉತ್ತರ ಕೇಳಿ ನಗುವುದು ಸುಲಭ. ನಮ್ಮಲ್ಲಿ ಎಷ್ಟು ಜನ ಹೀಗೇ ಮಾಡಿಲ್ಲ ಹೇಳಿ.

ಕಂಡುಹಿಡಿದವರು ಗಂಡ. ಮನೆಯ ಮುಂದಿನ ಕೋಣೆಯೇ ಆತನ ಅಂಗಡಿ. ಆತನಿಗೆ ಹತ್ತಿರದ್ದು ಕಾಣುವುದು ನಿಂತು ಎಷ್ಟೋ ಕಾಲವಾಯಿತು. ಬಟ್ಟೆ ಕತ್ತರಿಸಲು, ಯಂತ್ರ ತುಳಿಯಲು ಕೈಯಳತೆಯೇ ಸಾಕು. ಸೂಜಿಗೆ ದಾರ ಪೋಣಿಸುವುದು ಮಾತ್ರ ಆಗದು. ಕನ್ನಡಕ ಹಾಕಿಕೊಂಡರೆ ಗಿರಾಕಿಗಳು ಮುದುಕ ಎಂದಾರು ಎಂದು ಹಠ. ಹಾಗಾಗಿ ಗುಂಡಿ ಹಾಕಲು, ಅಂಚು ಮಡಿಸಲು ಬೇಕಾಗುವ ಕೈಸೂಜಿಗಳಿಗೆಲ್ಲ ಬಣ್ಣಬಣ್ಣದ ದಾರ ಪೋಣಿಸಿ, ಸೂಜಿಮೆತ್ತೆಗೆ ಚುಚ್ಚಿಟ್ಟು ಕೆಲಸಕ್ಕೆ ಹೊರಡುವುದು ಅಂದಿನಿಂದ ಹೆಂಡತಿಯ ರೂಢಿ.

“ಒಂದು ದಿನ ನೋಡ್ತೀನಿ, ಸೂಜಿ ಇದೆ, ದಾರ ಇದೆ, ಎರಡಕ್ಕೂ ಸಂಬಂಧ ಇಲ್ಲ” ಎನ್ನುತ್ತಾರೆ ಸಾಯಂಕಾಲ ಅಂಗಡಿಯಲ್ಲಿ ನನಗೆ ಸಿಗುವ ದರ್ಜಿ. “ಕೇಳಿದ್ರೆ ನೊಂದ್ಕೋತಾಳೆ ಅಂತ ಸುಮ್ಮನಾದೆ. ಪಕ್ಕದ ಅಂಗಡಿಯವರ ಕನ್ನಡಕ ಈಸ್ಕೊಂಡು ಬಂದು ನಾನೇ ಪೋಣಿಸಿಟ್ಟೆ. ಸಾಯಂಕಾಲ ಬಂದವಳು ಮೆತ್ತೆ ನೋಡಿದಳು, ನನ್ನ ಮುಖ ನೋಡಿದಳು. ಮೂಗಿನ ಮೇಲೆ ಕನ್ನಡಕದ ಗುರುತು ಹಾಗೇ ಇತ್ತು. ಕೂತ್ಕೊಂಡು ಅತ್ತುಬಿಟ್ಟಳು.”

ಮರುದಿನ ಆತ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿ, ಬೀದಿಯಲ್ಲಿ ನಿಂತು, “ನೀನು ಕಣ್ಣಿನ ಡಾಕ್ಟ್ರ ಹತ್ತಿರ ಬರೋವರೆಗೂ ನಾನು ಇದನ್ನ ತೆಗೆಯಲ್ಲ” ಎಂದರು. ಒಂದು ಮದುವೆಯ ಬಟ್ಟೆಗಳು ಒಳಗೆ ಅರ್ಧ ಹೊಲಿದು ಬಿದ್ದಿದ್ದವು. ಗಿರಾಕಿಗಳು ಬಂದು ಕೂಗಾಡಿಯಾರು ಎಂಬ ಭಯಕ್ಕೆ ಲೆನ್ಸಕ್ಕ ಚಪ್ಪಲಿ ಮೆಟ್ಟಿಕೊಂಡರು.

ಕಣ್ಣಿನ ಡಾಕ್ಟರು ಇದೇ ಆಸ್ಪತ್ರೆಯವರು. ಹನಿ ಹಾಕಿ, ಒತ್ತಡ ಅಳೆದು, ಒಳಗಿನ ನರ ನೋಡಿ, ಮತ್ತೆ ಎಲ್ಲವನ್ನೂ ಇನ್ನೊಮ್ಮೆ ನೋಡಿದರು. ಗಂಡ ಹೊರಗೆ ಬೆಂಚಿನ ಮೇಲೆ ಕೂತು ಕೈಯಲ್ಲಿದ್ದ ಅಳತೆಯ ಟೇಪನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರಂತೆ. ಕೊನೆಗೆ ಡಾಕ್ಟರು ಇಬ್ಬರನ್ನೂ ಒಳಗೆ ಕೂರಿಸಿಕೊಂಡು ಹೇಳಿದರು: ಒತ್ತಡ ಸರಿಯಾಗಿದೆ, ನರ ಗಟ್ಟಿಯಾಗಿದೆ, ಮಾವನ ಕಾಯಿಲೆ ಇಲ್ಲ. ಬಂದಿರುವುದು ಪೊರೆ, ಅಷ್ಟೇ. ಒಳಗಿನ ಲೆನ್ಸ್ ಬದಲಾಯಿಸಿದರೆ ಆಯಿತು.

“ಹೋದ ಜೀವ ಬಂದ ಹಾಗಾಯ್ತು” ಎನ್ನುತ್ತಾರೆ ಲೆನ್ಸಕ್ಕ. “ಲೆನ್ಸ್ ಬದಲಾಯಿಸಿದ್ರೆ ಆಯ್ತು ಅಂತ ನಾನು ಊರಿಗೆಲ್ಲ ಹೇಳೋ ಮಾತು. ನನಗೇ ಯಾರಾದ್ರೂ ಹೇಳ್ತಾರೆ ಅಂದ್ಕೊಂಡಿರಲಿಲ್ಲ. ನಗು ಬಂತು, ಅಳು ಬಂತು, ಎರಡೂ ಒಟ್ಟಿಗೇ. ಇವರು ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತಲ್ಲೇ ಅಂದ್ರು. ಇಲಿಯೇ ಆಗಲಿ ಬಿಡ್ರೀ, ನನಗೆ ಇಲಿಯೇ ಸಾಕು ಅಂದೆ.”

ಆದರೂ ಕೆಲಸಕ್ಕೆ ಬರುವುದು ಅದೊಂದೇ ಕಣ್ಣು, ಶಸ್ತ್ರಚಿಕಿತ್ಸೆ ಎಡವಿದರೆ ಇನ್ನೊಂದಿಲ್ಲ. ಡಾಕ್ಟರು ಅದನ್ನೂ ಮುಚ್ಚಿಡದೆ ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು. ಹುಟ್ಟಿನಿಂದ ಬಂದ ಮಸೂರ ಹತ್ತಿರಕ್ಕೆ ಉಬ್ಬುತ್ತದೆ, ದೂರಕ್ಕೆ ಚಪ್ಪಟೆಯಾಗುತ್ತದೆ. ಹೊಸದಕ್ಕೆ ಆ ಗುಣವಿಲ್ಲ. ಬರಿಗಣ್ಣಿಗೆ ದೂರದ್ದು ಸ್ಪಷ್ಟ ಕಾಣಬೇಕೋ, ಹತ್ತಿರದ್ದೋ, ಒಂದನ್ನು ಆರಿಸಿಕೊಳ್ಳಬೇಕು. ಇನ್ನೊಂದಕ್ಕೆ ಕನ್ನಡಕ. ಬಹಳ ಜನ ದೂರದ್ದನ್ನೇ ಕೇಳುತ್ತಾರಂತೆ.

“ಯೋಚನೆ ಮಾಡಿ ಹೇಳಿ ಅಂದೆ. ಅವರು ಯೋಚನೆಯನ್ನೇ ಮಾಡಲಿಲ್ಲ. ಹತ್ತಿರದ್ದು ಅಂದ್ರು” ಎನ್ನುತ್ತಾರೆ ಡಾಕ್ಟರು. ಅವರನ್ನು ನಾನು ಹಿಂದಿನ ದಿನವೇ ಭೇಟಿಯಾಗಿದ್ದೆ. “ಅವರ ಕಣ್ಣಿಗೆ ನಾನು ಯಾವ ಮೈಕ್ರೋಸ್ಕೋಪಿನಡಿ ಆಪರೇಷನ್ ಮಾಡಿದೆನೋ, ಅದನ್ನ ವರ್ಷಗಟ್ಟಲೆ ಒರೆಸಿ ಕೊಟ್ಟವರು ಅವರೇ. ಟೇಬಲ್ ಮೇಲೆ ಮಲಗಿದ್ದಾರೆ, ನಾನು ಕೈಯಲ್ಲಿ ಬ್ಲೇಡ್ ಹಿಡಿದಿದ್ದೀನಿ. ಡಾಕ್ಟ್ರೇ, ಆ ಮೈಕ್ರೋಸ್ಕೋಪಿನ ತೋಳು ಕಿರ್ ಅಂತಿದೆ, ಎಣ್ಣೆ ಬಿಡಬೇಕು ಅಂತಾರೆ. ಅಮ್ಮಾ ತಾಯಿ, ಈಗ ಮಾತಾಡಬೇಡಿ ಅಂದೆ.”

ಟೀ ಲೋಟಗಳು ಖಾಲಿಯಾಗಿವೆ. ಮೆಟ್ಟಿಲ ಮೇಲೆ ಇನ್ನು ಕೂರಲು ನೆಪವಿಲ್ಲ. ಲೆನ್ಸಕ್ಕ ಎದ್ದು ಕೈ ತೊಳೆದು, ಒರೆಸಿಕೊಂಡು, ಮೇಜಿನ ತುದಿಗೆ ಹೋಗುತ್ತಾರೆ. ಚೀಟಿಯನ್ನು ಪಕ್ಕಕ್ಕೆ ಸರಿಸಿ, ಬಣ್ಣ ಹಾಕಿದ ರಕ್ತದ ಪಟ್ಟಿಯೊಂದನ್ನು ಇಡುತ್ತಾರೆ. ದೊಡ್ಡ ಮಸೂರಕ್ಕೂ ಪಟ್ಟಿಗೂ ನಡುವೆ ಗಾಳಿ ಇರಬಾರದು ಎಂದು ಒಂದು ಹನಿ ಎಣ್ಣೆ ಬಿಡುತ್ತಾರೆ. ಮೇಡಂ ಹೆಗಲ ಚೀಲವನ್ನು ಈಗ ಕೆಳಗಿಳಿಸುತ್ತಾರೆ. ನನ್ನ ಮೂಗಿನ ತುರಿಕೆ ಯಾವಾಗಲೋ ನಿಂತುಹೋಗಿದೆ.

ಬಲಗಣ್ಣು ಕೊಳವೆಯ ಮೇಲೆ ಬಾಗುತ್ತದೆ. ಬೆರಳು ತಿರುಪನ್ನು ಹಿಂದಕ್ಕೆ, ಮುಂದಕ್ಕೆ, ಮತ್ತೆ ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತದೆ. ಮೇಲಿನ ಮಸೂರ ತಿರುಗಿಸುತ್ತಾರೆ. ಪಟ್ಟಿ ಸರಿಸುತ್ತಾರೆ. ಆಮೇಲೆ ನಿಧಾನವಾಗಿ ತಲೆಯನ್ನು ಎಡಕ್ಕೆ ಓರೆ ಮಾಡುತ್ತಾರೆ, ಬಲಕ್ಕೆ ಓರೆ ಮಾಡುತ್ತಾರೆ.

“ಅಕ್ಕಾ?” ಎನ್ನುತ್ತಾರೆ ಮೇಡಂ.

“ಇರಿ ಮೇಡಂ, ನೋಡ್ತಿದೀನಿ.” ಕಣ್ಣು ಕೊಳವೆಯ ಮೇಲೇ ಇದೆ. “ಈ ನೇರಳೆ ಇಷ್ಟು ನೇರಳೆ ಅಂತ ಮರೆತೇ ಹೋಗಿತ್ತು.”

ಬಲೆ ಇಲ್ಲ. ಆಕೆ ಎದ್ದು ಮೇಡಂಗೆ ತೋರಿಸುತ್ತಾರೆ, ಆಮೇಲೆ ನನ್ನನ್ನು ಕೂರಿಸುತ್ತಾರೆ. ಮೊದಲು ನನಗೆ ನನ್ನದೇ ರೆಪ್ಪೆಕೂದಲು ಕಾಣುತ್ತದೆ. ಆಮೇಲೆ ನಸುಗೆಂಪು ಬಿಲ್ಲೆಗಳ ನಡುವೆ ನೇರಳೆ ಚುಕ್ಕೆಗಳು ತೇಲಿಬರುತ್ತವೆ. ಬೆನ್ನ ಹಿಂದಿನಿಂದ ಲೆನ್ಸಕ್ಕನ ಪ್ರಶ್ನೆ, “ಏನು ಕಾಣ್ತಿದೆ ಹೇಳಿ?” ಅದು ಮಾವ ಕೇಳುತ್ತಿದ್ದ ಪ್ರಶ್ನೆ ಎಂದು ನನಗೆ ಆಮೇಲೆ ಹೊಳೆಯುತ್ತದೆ. ಕಂಡದ್ದನ್ನು ಕಂಡಷ್ಟು ಹೇಳುತ್ತೇನೆ. ಹೇಳಿ ಮುಗಿಸಿ ತಿರುಗುವಷ್ಟರಲ್ಲಿ ಆಕೆ ಚೀಟಿ ಬಿಚ್ಚಿ ಬುಟ್ಟಿಗೆ ಹಾಕಿ ಆಗಿದೆ. ಅದನ್ನು ಕಟ್ಟಿದ್ದ ದಾರವನ್ನು ಮಾತ್ರ ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ದರ್ಜಿಯ ಹೆಂಡತಿ, ದಾರ ಎಸೆಯುವುದಿಲ್ಲ.

ಯಂತ್ರಗಳೆಲ್ಲ ತಳ್ಳುಗಾಡಿಯಲ್ಲಿ ಮೇಲಕ್ಕೆ ಹೋಗುತ್ತವೆ, ಹಳೆಯದೂ ಸೇರಿ. ಸಾಯಂಕಾಲ ನಾನು ಲೆನ್ಸಕ್ಕನ ಜೊತೆ ಅವರ ಮನೆಯವರೆಗೆ ನಡೆಯುತ್ತೇನೆ. ಬೀದಿಯಲ್ಲಿ ಆಕೆ ಕನ್ನಡಕ ಹಾಕಿಕೊಳ್ಳುತ್ತಾರೆ, ದೂರದ ಬಸ್ಸಿನ ಸಂಖ್ಯೆ ಅದಿಲ್ಲದೆ ಕಾಣದು. ಅಂಗಡಿಯ ಹೊಸ್ತಿಲು ದಾಟಿದ ಮೇಲೆ ತೆಗೆದು ಮೇಜಿನ ಮೇಲಿಡುತ್ತಾರೆ. ದರ್ಜಿ ಹೊಲಿಗೆ ಯಂತ್ರ ತುಳಿಯುತ್ತಲೇ ತಲೆ ಎತ್ತುತ್ತಾರೆ.

“ಕಂಡಿತೇನೇ?”

“ಕಂಡಿತು ರೀ.”

ಅಷ್ಟೇ ಮಾತು. ಯಂತ್ರದ ವೇಗ ಮಾತ್ರ ಸ್ವಲ್ಪ ಹೆಚ್ಚುತ್ತದೆ. ಲೆನ್ಸಕ್ಕ ಸೂಜಿಮೆತ್ತೆ ಎಳೆದುಕೊಂಡು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬರಿಗಣ್ಣಲ್ಲೇ ಒಂದೇ ಸಲಕ್ಕೆ ಪೋಣಿಸುತ್ತಾರೆ. ಒಂದು ಬಿಳಿ, ಒಂದು ನೀಲಿ, ಒಂದು ಹಳದಿ.

“ನೋಡಿ ಸ್ವಾಮಿ” ಎನ್ನುತ್ತಾರೆ ದರ್ಜಿ ನನಗೆ. “ಆಸ್ಪತ್ರೆ ಕೆಲಸಕ್ಕೆ ಅಂತ ಹತ್ತಿರದ ಲೆನ್ಸ್ ಹಾಕಿಸ್ಕೊಂಡಳು. ಬೀದೀಲಿ ಕನ್ನಡಕ ಹಾಕ್ಕೊಂಡು ಓಡಾಡಬೇಕಾಯ್ತು. ಆದ್ರೆ ಪುಕ್ಕಟೆ ನನ್ನ ಸೂಜಿಗೂ ಅನುಕೂಲ ಆಯ್ತು.”

“ಆಸ್ಪತ್ರೆ ಕೆಲಸಕ್ಕೆ ಯಾವುದಾದ್ರೂ ನಡೀತಿತ್ತು” ಎನ್ನುತ್ತಾರೆ ಲೆನ್ಸಕ್ಕ, ಸೂಜಿಯಿಂದ ಕಣ್ಣು ತೆಗೆಯದೆ. “ಸ್ಕ್ರೂ ನೋಡೋಕೆ ಮಾವನ ಭೂತಗನ್ನಡಿ ಇದೆ. ಮೈಕ್ರೋಸ್ಕೋಪಿಗೆ ತಿರುಪು ಇದೆ, ದೂರದ ಕಣ್ಣಾಗಲಿ ಹತ್ತಿರದ ಕಣ್ಣಾಗಲಿ, ತಿರುಗಿಸಿದ್ರೆ ಹೊಂದ್ಕೊಳ್ಳುತ್ತೆ. ಸೂಜಿಗೆ ಎಲ್ಲಿದೆ ತಿರುಪು?”

ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ. ದರ್ಜಿ ಹೆಂಡತಿಯನ್ನು ನೋಡುತ್ತಾರೆ. ಆಕೆ ಕೈ ಚಾಚಿ ಕಾಯುತ್ತಿದ್ದಾರೆ.

“ಹಾಗೇನು ನೋಡ್ತೀರಿ? ಕಪ್ಪು ದಾರ ಕೊಡಿ ಇತ್ತ.”